ಮೂರನೇ ಬೆಳಗಿನ ಕೋಟು

ಸತ್ತ ಮರಿಯ ತೊಗಲು ಸುಲಿಯಲು ಎಲೆಯಾಸರನಿಗೆ ಎರಡು ನಿಮಿಷ ಸಾಕಿತ್ತು. ಕಾಲುಗಳ ಸುತ್ತ ಚಾಕುವಿನ ಒಂದೊಂದು ಸುತ್ತು, ಹೊಟ್ಟೆಯ ಮೇಲೆ ಒಂದು ಗೀರು, ಆಮೇಲೆ ಚಾಕುವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಷ್ಟಿಯಿಂದ ಒತ್ತಿ ಒತ್ತಿ, ಮಗುವಿನ ಅಂಗಿ ಕಳಚಿದ ಹಾಗೆ ಎಳೆದುಬಿಡುತ್ತಿದ್ದ. ಆ ಹಸಿ ತೊಗಲನ್ನು ತಾಯಿಯಿಲ್ಲದ ಇನ್ನೊಂದು ಮರಿಗೆ ತೊಡಿಸಿ, ಮರಿ ಕಳೆದುಕೊಂಡ ಕುರಿಯ ಮುಂದೆ ಬಿಡುತ್ತಿದ್ದ. ಕುರಿ ಅನುಮಾನದಿಂದ ಬಾಲದ ಬುಡ ಮೂಸುತ್ತದೆ. ಇನ್ನೊಮ್ಮೆ ಮೂಸುತ್ತದೆ. ಗಂಟಲಲ್ಲೇ ಗುರುಗುಟ್ಟಿ, ಕೆಚ್ಚಲಿಗೆ ಬಿಟ್ಟುಕೊಳ್ಳುತ್ತದೆ.

"ಕುರಿಗೇ ಟೋಪಿ ಹಾಕ್ತಾನಲ್ಲೋ ಈ ನನ್ಮಗ!" ಎಂದ ನಮ್ಮ ದೊಡ್ಡಪ್ಪ ಮರ್ವ್. ಅವನು ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಟೋಪಿ ಅಲ್ಲ ಧಣಿ, ಕೋಟು," ಎಂದ ಎಲೆಯಾಸರ್.

ಅವನು ಫೆಬ್ರವರಿ ಕೊನೆಯಲ್ಲಿ ಬಂದಿದ್ದ. ಪೆರುವಿನ ಬೆಟ್ಟದ ಮೇಲಿನ ಊರು. ಅವನ ವೀಸಾದ ಕಾಗದದಲ್ಲಿ ನಮ್ಮ ದೊಡ್ಡಪ್ಪನ ಹೆಸರೊಂದೇ ಇತ್ತು. ಬೇರೆಯವರ ಕುರಿ ಮೇಯಿಸುವ ಹಾಗಿಲ್ಲ, ಇಲ್ಲಿ ಕೆಲಸ ಹೋದರೆ ಅವತ್ತೇ ದೇಶ ಬಿಡಬೇಕು. ಆ ತೊಗಲಿನ ಕೋಟಿಗೂ ಒಂದು ಕಾಯಿದೆ ಇದೆ. ಎರಡು ದಿನ ಮೈಮೇಲಿರಬೇಕು, ಮೂರನೇ ಬೆಳಗ್ಗೆ ಬಿಚ್ಚಬೇಕು. ಅಷ್ಟರಲ್ಲಿ ಹೊಸ ತಾಯಿಯ ಹಾಲು ಮರಿಯ ಹೊಟ್ಟೆಯೊಳಗೆ ಹಾದು, ಅದರ ಮೈಯಿಂದ ಅವಳದೇ ವಾಸನೆ ಬರತೊಡಗುತ್ತದೆ. ಇನ್ನೂ ಒಂದು ದಿನ ಬಿಟ್ಟರೆ ತೊಗಲು ಕೊಳೆತು ನಾರುತ್ತದೆ, ಕುರಿ ಮರಿಯನ್ನು ಗುಮ್ಮಿ ಸಾಯಿಸುತ್ತದೆ. ಮೂರನೇ ಬೆಳಗಾದರೆ ಎಲೆಯಾಸರನ ಕೈ ತಾನಾಗಿ ಕೊಟ್ಟಿಗೆಯುದ್ದಕ್ಕೂ ಬಿಚ್ಚುತ್ತಾ ಹೋಗುತ್ತಿತ್ತು. ಯೋಚನೆ ಮಾಡುತ್ತಿರಲಿಲ್ಲ.

ನಾನು ಕೋಲ್ಟರ್. ಹುಟ್ಟಿದ್ದು ಶೈಯಾನಿನಲ್ಲಿ, ರೈಲು ಯಾರ್ಡಿನ ತೆಂಕಣ ಕಡೆ, ಗಾಳಿ ತಿರುಗಿದರೆ ಪೆಟ್ರೋಲ್ ಕಾರ್ಖಾನೆಯ ನಾತ ಊಟದ ತಟ್ಟೆಗೇ ಬಂದು ಕೂರುವ ಬೀದಿಯಲ್ಲಿ. ಹತ್ತನೇ ಕ್ಲಾಸಿನಲ್ಲಿ ಶಾಲೆಯಿಂದ ತೆಗೆದರು. ದಡ್ಡ ಅಂತ ಅಲ್ಲ. ಹಾಜರಿ ಇಲ್ಲ ಅಂತ. ಪ್ರತಿ ತಿಂಗಳೂ ಮೂರು ದಿನ ನಾಪತ್ತೆ. ಎಲ್ಲಿ ಹೋಗ್ತೀಯ ಎಂದು ಕೇಳಿದ ಮೇಡಂಗೆ ಏನು ಹೇಳಬೇಕಿತ್ತು? ಹುಣ್ಣಿಮೆ ಬಂದರೆ ಮೈತುಂಬ ಬೂದು ಕೂದಲು ಹುಟ್ಟುತ್ತೆ ಮೇಡಂ, ನಾಲ್ಕು ಕಾಲಲ್ಲಿ ಓಡ್ತೀನಿ, ಹಗಲೂ ರಾತ್ರಿ, ಮೂರು ದಿನ, ಆಮೇಲೆ ಮತ್ತೆ ನಿಮ್ಮ ಲೆಕ್ಕದ ಕ್ಲಾಸಿಗೆ ಬರ್ತೀನಿ ಅನ್ನಬೇಕಿತ್ತೇ?

ಇದು ಅಮ್ಮನ ಕಡೆಯಿಂದ ಬಂದದ್ದು. ಶಾಲೆ ಬಿಟ್ಟ ಮೇಲೆ ನನಗೆ ಇಲ್ಲಿ ಕೆಲಸ ಕೊಟ್ಟ ದೊಡ್ಡಪ್ಪ ಅಪ್ಪನ ಅಣ್ಣ, ಅವನಿಗೆ ಗೊತ್ತಿಲ್ಲ. ಅಮ್ಮ ಸಾಯುವ ಮುಂಚೆ ಆಸ್ಪತ್ರೆಯ ಮಂಚದಿಂದ ನನ್ನ ಕಾಲರ್ ಹಿಡಿದು ಹೇಳಿದ್ದಳು: "ಜನರ ಕಣ್ಣಿಗೆ ಬಿದ್ರೂ ಬೀಳು ಮಗಾ, ನಾಯಿ ಮೂಗಿಗೆ ಮಾತ್ರ ಬೀಳಬೇಡ."

ನಮ್ಮ ಸೀಮೆಯಲ್ಲಿ ತೋಳ ಕಂಡರೆ ಹೊಡೆಯಲು ಯಾರ ಅಪ್ಪಣೆಯೂ ಬೇಡ. ವರ್ಷದ ಯಾವ ದಿನವಾದರೂ ಸರಿ. ಹೊಡೆದ ಹತ್ತು ದಿನದೊಳಗೆ ಸರ್ಕಾರಕ್ಕೊಂದು ಮಾತು ತಿಳಿಸಿದರೆ ಮುಗಿಯಿತು. ಜಿಂಕೆಗೆ ಲೈಸೆನ್ಸ್ ಬೇಕು, ಮೀನಿಗೂ ಬೇಕು, ನನಗೆ ಬೇಡ.

ಅದಕ್ಕೇ ತಿಂಗಳಿಗೆ ಮೂರು ದಿನ ನಾನು ಟ್ರಕ್ ಹತ್ತಿ ಪಶ್ಚಿಮದ ಬಂಡೆಗಳ ಕಡೆ ಹೋಗಿಬಿಡುತ್ತಿದ್ದೆ. ಕೇಳಿದವರಿಗೆ ಫೋರ್ಟ್ ಕಾಲಿನ್ಸ್‌ನಲ್ಲಿ ಒಬ್ಬಳು ಹುಡುಗಿ ಇದ್ದಾಳೆ ಎಂದಿದ್ದೆ. ಕೊಟ್ಟಿಗೆಯ ಹಳೇ ಆಳು ಲೈಲ್‌ಗೆ ಆ ಹುಡುಗಿ ಅಂದರೆ ಹಬ್ಬ.

"ತಿಂಗಳಿಗೆ ಮೂರೇ ದಿನ ಬಿಟ್ಕೊಳ್ತಾಳಲ್ಲೋ, ಅದೇನು ಹುಡುಗೀನೋ ಬ್ಯಾಂಕೋ?" ಎನ್ನುತ್ತಿದ್ದ. "ಫೋಟೋ ತೋರ್ಸೋ. ಕಾಲಾದ್ರೂ ತೋರ್ಸು."

"ನಿನ್ನ ಕಣ್ಣು ಬೀಳುತ್ತೆ ಲೈಲಣ್ಣ."

"ನಂಗೆ ಒಂದೇ ಕಣ್ಣಿರೋದು ಕಣೋ, ಅರ್ಧ ದೃಷ್ಟಿ ತಾಗುತ್ತೆ ಅಷ್ಟೇ."

ಎಲೆಯಾಸರನ ವಿಷಯ ಶುರುವಾದದ್ದು ಒಂದು ಮರಿಯಿಂದ. ಮಾರ್ಚಿನಲ್ಲಿ ಒಂದು ಕುರಿ ಈಯಲಾರದೆ ಬಿದ್ದಿತ್ತು. ಮರಿ ಅಡ್ಡವಾಗಿತ್ತು, ನನ್ನ ಕೈ ಒಳಗೆ ಹೋಗದು. ಅವನು ನನ್ನ ಪಕ್ಕ ಮಂಡಿಯೂರಿ, ತೋಳು ಮಡಚಿ, ಮುಖವನ್ನು ನನ್ನ ಭುಜಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿ ಒಳಗೆ ತಡಕಾಡಿದ. ಮರಿ ಬಂತು. ಮುಖ ಅಲ್ಲೇ ಇತ್ತು. ತೆಗೆಯಬೇಕಾದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಇತ್ತು. ಅವತ್ತು ಸಂಜೆ ಅವನು ತನ್ನ ಗಾಡಿಗೆ ಕರೆದ. ಕುರಿ ಕಾಯುವವರು ಮಲಗುವ ಗಾಡಿ ಅದು, ತಗಡಿನ ಬೆನ್ನು, ಒಳಗೊಂದು ಒಲೆ, ಒಂದು ಮಂಚ, ಅಷ್ಟೇ. ಆಲೂಗಡ್ಡೆ ಬೇಯಿಸಿ ಕೊಟ್ಟ. ನನ್ನ ಕೈ ಚಳಿಗೆ ಸೆಟೆದು ಚಮಚ ಹಿಡಿಯಲಾರದೆ ಹೋದಾಗ ಎರಡೂ ಕೈ ತೆಗೆದುಕೊಂಡು ತನ್ನ ಸ್ವೆಟರಿನೊಳಗೆ ಇಟ್ಟುಕೊಂಡ. ಅವನ ಅವ್ವ ಹೆಣೆದ ಕಂದು ಸ್ವೆಟರ್. ಹೊಗೆ, ಉಣ್ಣೆ, ಅವನು.

"ಬಿಸಿಯಾಯ್ತಾ?" ಎಂದ.

"ಆಗಿಲ್ಲ," ಎಂದೆ. ಆಗಿತ್ತು.

ಅಲ್ಲಿಂದ ಮುಂದೆ ನನಗೆ ಬೇಕಾದದ್ದು ಒಂದೇ. ಅವನು ಇಲ್ಲಿರಬೇಕು, ನಾನೂ ಇಲ್ಲಿರಬೇಕು. ಬದುಕಿನಲ್ಲಿ ಬೇರೆ ಏನನ್ನೂ ನಾನು ಅಷ್ಟು ಆಸೆಯಿಂದ ಕೇಳಿರಲಿಲ್ಲ.

ಮೇ ತಿಂಗಳ ಹುಣ್ಣಿಮೆ ಕುರಿ ಈಯುವ ಹಂಗಾಮಿನ ಸರಿಮಧ್ಯಕ್ಕೆ ಬಂದು ಬಿತ್ತು. ಕೊಟ್ಟಿಗೆಯಲ್ಲಿ ದಿನಕ್ಕೆ ಐವತ್ತು ಅರವತ್ತು ಮರಿ ಬೀಳುತ್ತಿದ್ದವು. ಬೆಳಗಿನ ಕಾಫಿ ಹೊತ್ತಿನಲ್ಲಿ ದೊಡ್ಡಪ್ಪನನ್ನು ಕೇಳಿದೆ.

"ಮೂರು ದಿನ ರಜ ಬೇಕಿತ್ತು ದೊಡ್ಡಪ್ಪ."

ಅವನು ಲೋಟ ಕೆಳಗಿಟ್ಟ. "ಆ ಹುಡುಗೀಗೂ ಕುರಿಗೂ ಒಟ್ಟಿಗೇ ಬಂತೇನೋ ಹೆರಿಗೆ?"

"ತುಂಬ ಮುಖ್ಯ ದೊಡ್ಡಪ್ಪ."

"ಈ ಸಲ ಗೇಟು ದಾಟಿದ್ಯೋ, ವಾಪಸ್ ಬರ್ಬೇಡ. ತಮ್ಮನ ಮಗ ಅಂತ ಬಹಳ ಸಹಿಸಿದ್ದೀನಿ." ಅಷ್ಟು ಹೇಳಿ ಬೂಟು ಹಾಕಿಕೊಂಡು ಹೊರಟ.

ಮಧ್ಯಾಹ್ನ ಗಾಡಿಯ ಮೆಟ್ಟಿಲ ಮೇಲೆ ಕೂತು ಎಲೆಯಾಸರನಿಗೆ ಎಲ್ಲ ಹೇಳಿಬಿಟ್ಟೆ. ಅವನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ.

"ಗುರುವಾರ ಬೆಳಗಿನ ಜಾವದಿಂದ ನಾನಿರಲ್ಲ," ಎಂದು ಶುರು ಮಾಡಿದೆ.

"ಫೋರ್ಟ್ ಕಾಲಿನ್ಸ್ ಹುಡುಗಿ?"

"ಹುಡುಗಿ ಇಲ್ಲ ಮಾರಾಯ."

"ಹಾಗಾದ್ರೆ ಹುಡುಗ?"

"ಅವನೂ ಇಲ್ಲ. ನೀನೇ ಇರೋದು." ಆಮೇಲೆ ಮಿಕ್ಕದ್ದನ್ನು ಹೇಳಿದೆ. ಅಮ್ಮನಿಂದ ಹಿಡಿದು ಬಂಡೆಗಳವರೆಗೆ. ಚಾಕು ಒಂದು ಸಲವೂ ನಿಲ್ಲಲಿಲ್ಲ.

"ಕುರಿ ತಿಂತೀಯಾ?" ಎಂದು ಕೇಳಿದ, ಕೊನೆಗೆ.

"ಇಲ್ಲ. ಮೊಲ. ಒಂದ್ಸಲ ಯಾರದೋ ಕಸದ ಡಬ್ಬಿಯಿಂದ ಕೋಳಿ."

"ಹಸೀದಾ?"

"ಕರಿದದ್ದು."

ಅವನು ಎಷ್ಟು ನಕ್ಕನೆಂದರೆ ಆಲೂಗಡ್ಡೆ ಹುಲ್ಲಿನಲ್ಲಿ ಉರುಳಿಹೋಯಿತು. ನನಗೆ ಸಿಟ್ಟು ಬಂತು. "ಹೆದರಿಕೆ ಆಗಲ್ವೇನೋ ನಿಂಗೆ?"

"ನಮ್ಮೂರಲ್ಲಿ ಹೋಗಿ ನೀನು ತೋಳ ಅನ್ನು, ಕೂರಿಸಿ ಊಟ ಹಾಕ್ತಾರೆ. ನಮ್ಮಿಬ್ಬರ ವಿಷಯ ಹೇಳು, ಕಲ್ಲು ತಗೋತಾರೆ." ಅವನು ಆಲೂಗಡ್ಡೆ ಹೆಕ್ಕಿ ಪ್ಯಾಂಟಿಗೆ ಒರೆಸಿದ. "ನೀನು ಹೋಗ್ಬೇಡ. ಹೋದ್ರೆ ಧಣಿ ಒಳಗೆ ಬಿಡಲ್ಲ. ನಾನು ಈ ಜಾಗ ಬಿಟ್ಟು ನಿನ್ನ ಹಿಂದೆ ಬರಕ್ಕಾಗಲ್ಲ. ನನ್ನ ಕಾಗದ ಗೊತ್ತಲ್ಲ."

"ಮತ್ತೆ?"

"ನಿಂಗೆ ಜ್ವರ. ಅಂಟುಜಾಡ್ಯ. ಮೂರು ದಿನ ನನ್ನ ಗಾಡೀಲಿ ಮಲಗ್ತೀಯ."

"ಪರ್ಲ್ ಬಿಡಲ್ಲ," ಎಂದೆ. ಪರ್ಲ್ ನಮ್ಮ ಮಂದೆಯ ಕಾವಲು ನಾಯಿ. ಬಿಳಿ, ಕರುವಿನಷ್ಟು ದೊಡ್ಡದು. ಮರಿಯಾಗಿದ್ದಾಗಿನಿಂದ ನನ್ನ ಕೈಯಿಂದ ತಿಂದವಳು. ಆದರೆ ಗಾಡಿಯ ಕೆಳಗೇ ಮಲಗುತ್ತಾಳೆ, ಅವಳ ಮೂಗಿಗೆ ಸ್ನೇಹ ಇಲ್ಲ.

ಎಲೆಯಾಸರ್ ನನ್ನ ಕೋಟಿನ ತೋಳು ಹಿಡಿದು ಮೂಸಿದ. ಫೆಬ್ರವರಿಯಿಂದ ತೊಳೆಯದ ಕೆಲಸದ ಕೋಟು ಅದು. "ಇದನ್ನ ಹಾಕ್ತೀನಿ," ಎಂದ. "ಮರಿಗೆ ಹಾಕಿದ ಹಾಗೆ."

ಗುರುವಾರ ನಸುಕಿನಲ್ಲಿ, ಬೆಳಕು ಹರಿಯುವ ಮೊದಲೇ, ತುಂಬಿದ ಚಂದ್ರ ಗುಡ್ಡದ ಕಡೆ ಇಳಿಯುತ್ತಿದ್ದ. ಮೈ ಬದಲಾಗುವುದನ್ನು ನಾನು ಯಾರಿಗೂ ತೋರಿಸಿದವನಲ್ಲ. ಮೂಳೆ ಮುರಿಯುವ ಸದ್ದು ನನಗೇ ಕೇಳಲಾಗುವುದಿಲ್ಲ. ಎಲೆಯಾಸರ್ ಮುಖ ತಿರುಗಿಸಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಮುಂಗಾಲನ್ನು ಒಂದೊಂದಾಗಿ ಎತ್ತಿ ಕೋಟಿನ ತೋಳಿಗೆ ತೂರಿಸಿ, ಹೊಟ್ಟೆಯ ಕೆಳಗೆ ಹುಲ್ಲಿನ ಪೆಂಡಿಯ ದಾರ ಬಿಗಿದ. ಆ ಕೆಲಸಕ್ಕೂ ಅವನಿಗೆ ಎರಡೇ ನಿಮಿಷ.

ಆಮೇಲೆ ಬಾಗಿಲು ತೆರೆದ. ಪರ್ಲ್ ಬಂದಳು. ಕತ್ತಿನ ಕೂದಲು ನಿಗುರಿತ್ತು. ಮೂಸಿದಳು. ಕೋಟಿನ ಕಾಲರ್, ತೋಳು, ಬೆನ್ನು. ಇನ್ನೊಮ್ಮೆ ಮೂಸಿದಳು. ಅವಳು ಒಂದು ಸಲ ಸೀನಿ, ಮೆಟ್ಟಿಲ ಪಕ್ಕ ದೊಪ್ಪನೆ ಮಲಗಿದಳು.

ಶುಕ್ರವಾರ ನನ್ನ ಬದುಕಿನ ಅತಿ ಒಳ್ಳೆಯ ದಿನ. ನಾನು ಮಂಚದ ಮೇಲೆ ಮಲಗಿದ್ದೆ, ಅವನು ಕೊಟ್ಟಿಗೆಗೂ ಗಾಡಿಗೂ ಓಡಾಡುತ್ತಿದ್ದ. ನನ್ನ ಪಾಲಿನ ಕೆಲಸವನ್ನೂ ಅವನೇ ಮಾಡುತ್ತಿದ್ದ. ಬಂದಾಗಲೆಲ್ಲ ಕಿವಿಯ ಹಿಂದೆ ಕೆರೆದು ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದ. ಮನುಷ್ಯನಾಗಿದ್ದಾಗ ಅಷ್ಟು ಮಾತು ಅವನು ನನಗೆ ಹೇಳಿರಲೇ ಇಲ್ಲ.

ಮಧ್ಯಾಹ್ನ ದೊಡ್ಡಪ್ಪ ಬಾಗಿಲಿಗೆ ಬಂದ. ಎಲೆಯಾಸರ್ ಕಂಬಳಿಯನ್ನು ನನ್ನ ತಲೆಯ ಮೇಲೆ ಎಳೆದ.

"ಬದುಕಿದ್ದೀಯೇನೋ ಕೋಲ್ಟರ್?" ದೊಡ್ಡಪ್ಪ ಹೊರಗಿನಿಂದಲೇ ಕೂಗಿದ.

ನಾನು ಒಂದು ಉಸಿರು ಬಿಟ್ಟೆ. ಅದು ಗೊರಗೊರ ಎಂದಿತು.

"ಅಯ್ಯಯ್ಯೋ," ಎಂದ ದೊಡ್ಡಪ್ಪ.

"ಗಂಟಲು ಹೋಗಿದೆ ಧಣಿ. ಹತ್ರ ಬರ್ಬೇಡಿ, ಅಂಟ್ಕೊಳ್ಳುತ್ತೆ."

"ನಾಯಿ ಥರ ನಾರ್ತಾನಲ್ಲೋ."

"ಸ್ನಾನ ಇಲ್ಲ ಧಣಿ."

"ಜ್ವರ ಇಲ್ದೇ ಇದ್ದಾಗ್ಲೂ ಇರ್ಲಿಲ್ಲ ಬಿಡು." ದೊಡ್ಡಪ್ಪ ಮೆಟ್ಟಿಲ ಮೇಲೆ ಸಾರಿನ ಡಬ್ಬಿ ಇಟ್ಟ. "ಬಿಸಿ ಮಾಡಿ ಕುಡಿಸು," ಎಂದು ಹೊರಟುಹೋದ. ಸಾರನ್ನು ನಾನು ನೆಕ್ಕಿ ಕುಡಿದೆ. ಎಲೆಯಾಸರ್ ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡು ನಗುತ್ತಿದ್ದ.

ಶನಿವಾರ. ಮೂರನೇ ಬೆಳಗ್ಗೆ.

ಅವನು ಎರಡು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಕೊಟ್ಟಿಗೆಯಲ್ಲಿ ಏಳೆಂಟು ಮರಿಗಳ ತೊಗಲು ಬಿಚ್ಚಿ ಬಂದಿದ್ದ, ಕೈಯಲ್ಲಿ ಇನ್ನೂ ಅದೇ ವಾಸನೆ. ಬಾಗಿಲು ತೆರೆದಿಟ್ಟು ಒಳಗೆ ಬಂದ. ದಾರ ಉಜ್ಜಿ ನನ್ನ ಕಂಕುಳು ಕೆಂಪಾಗಿದ್ದುದನ್ನು ನೋಡಿ "ಅಯ್ಯೋ ಪಾಪ" ಎಂದ. ಚಾಕುವಿನಿಂದ ದಾರ ಕತ್ತರಿಸಿದ.

ನನಗೆ ಗೊತ್ತಿತ್ತು. ಕುರಿಯ ಹಾಲು ಮರಿಯೊಳಗೆ ಹಾದಿರುತ್ತದೆ, ಅದಕ್ಕೆ ಮೂರನೇ ದಿನ ಕೋಟು ಬೇಡ. ನನ್ನೊಳಗೆ ಪರ್ಲ್‌ಳದೇನೂ ಹಾದಿರಲಿಲ್ಲ. ಕೋಟು ತೆಗೆದರೆ ನಾನು ತೋಳವೇ. ನಾನು ಕೋಟಿನ ತೋಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಬೇಡ ಎನ್ನಲು ನನ್ನಲ್ಲಿದ್ದದ್ದು ಅದೊಂದೇ.

"ಆಟ ಆಡ್ತೀಯಾ?" ಎಂದು ನಕ್ಕ. ಎಳೆದ. ನಾನೂ ಎಳೆದೆ. "ಬಿಡೋ, ಬಿಡೋ ಪುಟ್ಟ. ಮೂರನೇ ಬೆಳಗ್ಗೆ ಇದು." ಅವನ ಕೈ ಮರಿಗಳಿಗೆ ಮಾಡಿದಂತೆಯೇ ನನ್ನ ಮುಂಗಾಲನ್ನು ಮಡಚಿ ತೋಳಿನಿಂದ ಆಚೆ ತೆಗೆಯಿತು. ನಾನು ಅವನನ್ನು ಕಚ್ಚಬಹುದಿತ್ತು. ಕಚ್ಚಬೇಕಿತ್ತು. ಕಚ್ಚಲಿಲ್ಲ.

ಪರ್ಲ್ ಮೆಟ್ಟಿಲು ಹತ್ತಲಿಲ್ಲ, ಹಾರಿದಳು. ಒಲೆ ಮಗುಚಿತು. ನಾವಿಬ್ಬರೂ ಉರುಳಿಕೊಂಡು ಹೊರಗೆ ಬಿದ್ದೆವು. ಅವಳು ನನ್ನ ಭುಜ ಹರಿದಳು. ಅವಳ ಕತ್ತು ನನ್ನ ಬಾಯಿಗೆ ಬಂತು, ಆ ಕತ್ತನ್ನು ನಾನು ಎಷ್ಟು ಸಲ ತಬ್ಬಿದ್ದೇನೆ, ಬಿಟ್ಟುಬಿಟ್ಟೆ. ಅಷ್ಟರಲ್ಲಿ ದೊಡ್ಡಪ್ಪ ಮತ್ತು ಲೈಲ್ ಕೊಟ್ಟಿಗೆಯಿಂದ ಓಡಿಬಂದರು. ದೊಡ್ಡಪ್ಪನ ಬಂದೂಕು ಟ್ರಕ್ಕಿನಲ್ಲಿತ್ತು. ಗಾಡಿಯ ಬಾಗಿಲ ಪಕ್ಕ ಎಲೆಯಾಸರನಿಗೆ ಕೊಟ್ಟ ರೈಫಲ್ ನೇತಾಡುತ್ತಿತ್ತು.

"ತೋಳ! ತೋಳ ಕಣೋ! ಹೊಡಿಯೋ ಎಲೆಯಾಸರ್!"

ಎಲೆಯಾಸರ್ ರೈಫಲ್ ಎತ್ತಿಕೊಂಡ. ಏಪ್ರಿಲಿನಲ್ಲಿ ಅವನು ಮುನ್ನೂರು ಹೆಜ್ಜೆ ದೂರದ ಗುಳ್ಳೆನರಿಯನ್ನು ಒಂದೇ ಗುಂಡಿಗೆ ಕೆಡವಿದ್ದ. ಇಡೀ ಕೊಟ್ಟಿಗೆ ನೋಡಿತ್ತು. ನಾನು ನಲವತ್ತು ಹೆಜ್ಜೆ ದೂರದಲ್ಲಿದ್ದೆ. ಮೊದಲ ಗುಂಡು ಬೇಲಿಕಂಬಕ್ಕೆ ಹೋಯಿತು. ಎರಡನೆಯದು ಮಣ್ಣಿಗೆ. ಮೂರನೆಯದನ್ನು ಆಕಾಶಕ್ಕೇ ಹೊಡೆದ, ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ನಾನು ಓಡಿದೆ.

ಗುಡ್ಡದ ಬಂಡೆಯ ಸಂದಿನಲ್ಲಿ ಮಲಗಿ ಗಾಯ ನೆಕ್ಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪನ ಟ್ರಕ್ ಮಣ್ಣಿನ ರಸ್ತೆಯಲ್ಲಿ ಊರ ಕಡೆ ಹೊರಟದ್ದು ಕಂಡಿತು. ಹಿಂದೆ ಒಂದು ಕಪ್ಪು ಚೀಲ. ಮುಂದಿನ ಕಿಟಕಿಯಲ್ಲಿ ಎಲೆಯಾಸರನ ಟೋಪಿ. ನನಗೆ ಎಲ್ಲ ಅರ್ಥವಾಯಿತು. ಮನುಷ್ಯನಾಗಿದ್ದರೆ ರಸ್ತೆಗೆ ಅಡ್ಡ ನಿಲ್ಲುತ್ತಿದ್ದೆ. ಈಗ ನಿಂತರೆ ದೊಡ್ಡಪ್ಪ ಟ್ರಕ್ ನಿಲ್ಲಿಸುತ್ತಾನೆ, ಬಂದೂಕು ತೆಗೆಯುತ್ತಾನೆ, ಅಷ್ಟೇ ಆಗುವುದು. ಗುಡ್ಡದ ಮೇಲೇ ಟ್ರಕ್ಕಿನ ಸಮಕ್ಕೆ ಕುಂಟುತ್ತಾ ಓಡಿದೆ. ಒಂದು ಮೈಲಿ ಓಡಿರಬೇಕು. ಅವನು ಆಚೆ ಕಡೆ, ಕುರಿಗಳ ಕಡೆ ನೋಡುತ್ತಿದ್ದ. ಡಾಂಬರು ರಸ್ತೆ ಸಿಕ್ಕಿತು. ಧೂಳೂ ನಿಂತಿತು.

ಭಾನುವಾರ ಬೆಳಗ್ಗೆ ಮೈ ಮರಳಿ ಬಂತು. ರಸ್ತೆಯ ಮೋರಿಯೊಳಗೆ ನಾನು ಯಾವತ್ತೂ ಬಟ್ಟೆಯ ಬಕೆಟ್ ಇಟ್ಟಿರುತ್ತೇನೆ. ತೊಟ್ಟುಕೊಂಡು ಕೊಟ್ಟಿಗೆಗೆ ನಡೆದೆ. ದೊಡ್ಡಪ್ಪ ಪರ್ಲ್‌ಳ ಕಿವಿಗೆ ಹೊಲಿಗೆ ಹಾಕುತ್ತಿದ್ದ, ಲೈಲ್ ಅವಳ ತಲೆ ಹಿಡಿದಿದ್ದ.

"ಬಂದ್ಯಾ ಮದುಮಗನೇ?" ಎಂದ ಲೈಲ್. "ಹೇಗಿದ್ದಾಳಪ್ಪಾ ಜ್ವರ?"

"ಎಲೆಯಾಸರ್ ಎಲ್ಲಿ?"

"ಕಳಿಸ್ದೆ," ಎಂದ ದೊಡ್ಡಪ್ಪ, ಸೂಜಿಯಿಂದ ಕಣ್ಣೆತ್ತದೆ. "ಡೆನ್ವರ್ ಬಸ್ಸು ಹತ್ತಿಸ್ದೆ. ಗಾಡಿಯೊಳಗೆ ತೋಳ ಸಾಕಿದ್ದ ಕಣೋ ಅವನು. ನನ್ನ ಕುರಿ ಮಧ್ಯೆ. ನೀನು ಟ್ರಕ್ ಇಲ್ಲೇ ಬಿಟ್ಟು ಕದ್ದು ಹುಡುಗಿ ಹತ್ರ ಹೋದ್ರೆ ಜ್ವರ ಅಂತ ನಂಗೆ ಸುಳ್ಳು ಹೇಳ್ದ. ಗೊರಗೊರ ಅಂದಿದ್ದು ಅದೇ ತೋಳ, ನಾನು ಸಾರು ಕೊಟ್ಟಿದ್ದೂ ಅದಕ್ಕೇ! ಕೋಲ್ಟರ್ ಎಲ್ಲೋ ಅಂದ್ರೆ 'ವಾಸಿಯಾಯ್ತು ಧಣಿ, ಹೋದ' ಅಂದ. ಇನ್ನೊಂದು ಮಾತಾಡ್ಲಿಲ್ಲ."

"ತಪ್ಪು ನಂದು. ನನ್ನ ಕಳಿಸು. ಗೇಟು ದಾಟಿದ್ರೆ ಬರ್ಬೇಡ ಅಂದಿದ್ಯಲ್ಲ!"

ದೊಡ್ಡಪ್ಪ ಆಗ ತಲೆಯೆತ್ತಿದ. "ಏನೋ ಬಾಯಿಗೆ ಬಂತು, ಅಂದೆ. ನನ್ನ ತಮ್ಮನ ಮಗ ನೀನು. ನಿನ್ನನ್ನ ಎಲ್ಲಿಗೆ ಕಳಿಸ್ಲಿ?"

ಅಂದರೆ ನಾನು ಹೋಗಬಹುದಿತ್ತು. ಪ್ರತಿ ತಿಂಗಳ ಹಾಗೆ ಟ್ರಕ್ ಹತ್ತಿ ಹೋಗಿ, ಭಾನುವಾರ ಬಂದು, ಎರಡು ಬೈಗುಳ ತಿಂದು, ಸಂಜೆ ಅವನ ಗಾಡಿಯಲ್ಲಿ ಆಲೂಗಡ್ಡೆ ತಿನ್ನಬಹುದಿತ್ತು. ಬಾಯಿಗೆ ಬಂದ ಆ ಒಂದು ಮಾತನ್ನು ನಾವಿಬ್ಬರು ಮೂರ್ಖರು ನಂಬಿದೆವು.

"ಆ ತೋಳ ನಾನು," ಎಂದೆ. ಅಂಗಿ ಜಾರಿಸಿ ಭುಜ ತೋರಿಸಿದೆ. "ಇದು ಪರ್ಲ್ ಕಚ್ಚಿದ್ದು."

ಲೈಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವಳು ಇಷ್ಟು ಜೋರಾ? ಮೂರೇ ದಿನ ಯಾಕೆ ಅಂತ ಈಗ ಗೊತ್ತಾಯ್ತು ಬಿಡು!"

ದೊಡ್ಡಪ್ಪನೂ ನಕ್ಕ.

"ಹುಡುಗಿ ಇಲ್ಲ," ಎಂದು ಕಿರುಚಿದೆ. "ಯಾವತ್ತೂ ಇರ್ಲಿಲ್ಲ. ಎಲೆಯಾಸರ್ ಇದ್ದ. ಅವನು ನನ್ನವನು ದೊಡ್ಡಪ್ಪ. ನೀನು ಬಸ್ಸು ಹತ್ತಿಸಿದ್ದು ನನ್ನವನನ್ನ."

ಇದನ್ನು ಅವರು ನಂಬಿದರು. ಲೈಲ್‌ನ ನಗು ಅರ್ಧಕ್ಕೆ ನಿಂತಿತು. ದೊಡ್ಡಪ್ಪ ಪರ್ಲ್‌ಳ ಕಿವಿಗೆ ಇನ್ನೊಂದು ಹೊಲಿಗೆ ಹಾಕಿ ದಾರ ಕತ್ತರಿಸಿದ.

"ಇದನ್ನ ಇನ್ನೊಬ್ಬರ ಮುಂದೆ ಹೇಳ್ಬೇಡ," ಎಂದ. "ಹೋಗು, ಮರಿಗಳಿಗೆ ಹಾಲು ಕುಡಿಸು."

ಟ್ರಕ್ ತೆಗೆದುಕೊಂಡು ಊರಿಗೆ ಓಡಿಸಿದೆ. ಬಸ್ಸು ನಿಲ್ಲುವ ಪೆಟ್ರೋಲ್ ಬಂಕಿನಲ್ಲಿ ಗಾಳಿಗೆ ಕಾಗದದ ಲೋಟಗಳು ಓಡಾಡುತ್ತಿದ್ದವು. ನಿನ್ನೆಯ ಬಸ್ಸನ್ನು ಇವತ್ತು ಕೇಳಿದರೆ ಯಾರು ಏನು ಹೇಳಿಯಾರು. ಸೋಮವಾರ ಅವನನ್ನು ಕರೆತಂದ ಏಜೆನ್ಸಿಗೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸು ಕೇಳಿದಳು: "ನೀವು ಅವರಿಗೆ ಏನಾಗಬೇಕು?" ಅವಳೇ ಮುಂದುವರಿಸಿದಳು, ಸಂಬಂಧಿಕರಿಗೆ ಮಾತ್ರ ತಿಳಿಸುತ್ತೇವೆ, ಮಾಲೀಕರು ಯಾರ ಮೇಲೆ ದೂರು ಕೊಟ್ಟರೋ ಅವರನ್ನು ಮತ್ತೆ ಕರೆಸುವುದಿಲ್ಲ. ಅವನ ನಂಬರಿಗೆ ಮಾಡಿದರೆ ಒಂದು ಹೆಣ್ಣು ದನಿ ಸ್ಪ್ಯಾನಿಷ್‌ನಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಈಗಲೂ ಹೇಳುತ್ತಿದೆ.

ಗಾಡಿಯಲ್ಲಿ ನನ್ನ ಕೋಟು ಇರಲಿಲ್ಲ. ಅವನು ಒಯ್ದಿದ್ದ. ಹಾಸಿಗೆಯ ಕೆಳಗೆ ಮಡಚಿಟ್ಟ ಕಂದು ಸ್ವೆಟರ್ ಇತ್ತು.

ಜೂನ್ ಹುಣ್ಣಿಮೆಗೆ ನಾನು ಬಂಡೆಗಳ ಕಡೆ ಹೋಗಲಿಲ್ಲ. ಯಾರೂ ಇಲ್ಲದ ಆ ಗಾಡಿಗೆ ಹೋಗಿ, ಬಾಗಿಲು ತೆರೆದಿಟ್ಟು, ಮೈ ಬದಲಾಗುವ ಮೊದಲೇ ಸ್ವೆಟರ್ ತೊಟ್ಟುಕೊಂಡು ಕೂತೆ. ಪರ್ಲ್ ಬರಲಿ, ಹರಿಯುವುದಾದರೆ ಹರಿಯಲಿ ಎಂದೇ ಕೂತಿದ್ದೆ. ಅವಳು ಬಂದಳು. ಹೊಲಿಗೆ ಹಾಕಿದ ಕಿವಿ ಹಿಂದಕ್ಕೆ ಮಡಚಿಕೊಂಡು ಮೂಸಿದಳು. ಸ್ವೆಟರಿನ ಎದೆಯ ಹತ್ತಿರ ಅವಳ ಮೂಗು ನಿಂತಿತು. ನನ್ನನ್ನು ದಾಟಿ ಗಾಡಿಯ ಒಳಗೆಲ್ಲ ನೋಡಿದಳು, ಮಂಚದ ಕೆಳಗೆ ನೋಡಿದಳು, ಮತ್ತೆ ಬಂದು ಎದೆ ಮೂಸಿದಳು. ಬಾಲ ಅಲ್ಲಾಡಿತು. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಮಲಗಿದಳು, ಅವನು ಬರಲಿ ಎಂದು.

ಎರಡು ದಿನ ನಾವಿಬ್ಬರೂ ಹಾಗೇ ಮಲಗಿದ್ದೆವು. ಮೂರನೇ ಬೆಳಗಾಯಿತು. ಸ್ವೆಟರಿನ ಉಣ್ಣೆ ಕಂಕುಳಲ್ಲಿ ಉಜ್ಜಿ ಉರಿಯುತ್ತಿತ್ತು. ಬಿಚ್ಚಲು ನನಗೆ ಕೈ ಇರಲಿಲ್ಲ. ಕೊಟ್ಟಿಗೆಯ ಕಡೆಯಿಂದ ಯಾರೋ ನಡೆದುಬರುವ ಸದ್ದಿಗೆ ಪರ್ಲ್ ಎದ್ದು ನಿಂತಳು, ನಾನೂ ನಿಂತೆ. ಗಾಳಿ ಅದು, ಬೇಲಿಯ ತಗಡು ಬಡಿಯುತ್ತಿತ್ತು.